ನಾವು ಕ್ಷೇಮ, ನೀವು ಕ್ಷೇಮವೇ?

(ಖಸಬಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಸಂಜೆಯ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಮಸ್ಕತ್ತಿನಿಂದ ಖಸಬಿಗೆ ರಸ್ತೆಯ ಮೇಲೆ ಬರುವವರು ಒಂದು ವಿಚಿತ್ರವನ್ನು ಅನುಭವಿಸಬೇಕಾಗುತ್ತದೆ. ಒಮಾನಿನಿಂದ ಹೊರಟು, ನಡುವೆ ಇನ್ನೊಂದು ದೇಶವನ್ನು ಹಾದು, ಮತ್ತೆ ಒಮಾನಿಗೇ ಬಂದು ಸೇರಬೇಕು. ರಾಸ್ ಅಲ್ ಖೈಮಾ ದಾಟಿ, ತಿಬಾತ್ ಗಡಿಯಲ್ಲಿ ರಹದಾರಿಯ ಮೇಲೆ ಮುದ್ರೆ ಹಾಕಿಸಿಕೊಂಡು, ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಬೋಳು ಬೆಟ್ಟದ ಗೋಡೆ ಇರುವ ದಾರಿಯಲ್ಲಿ ನಾವು ಬಂದು ತಲುಪಿದಾಗ, ತಾವು ಮೊದಲು ಕೇಳಿದ ಪ್ರಶ್ನೆ ಸಾಹಿತ್ಯದ್ದಲ್ಲ. 'ದಾರಿಯಲ್ಲಿ ತಲೆ ಸುತ್ತಲಿಲ್ಲವಷ್ಟೆ? ಸೊಂಟ ಹಿಡಿಯಿತೇ? ಮೊದಲು ಒಂದು ಲೋಟ ಮಜ್ಜಿಗೆ ಕುಡಿಯಿರಿ' ಎಂದಿರಿ. ನಾವು ಇಂದು ಮಾತನಾಡಬೇಕೆಂದುಕೊಂಡಿರುವ ವಿಷಯವನ್ನು ತಾವು ಬಾಗಿಲಲ್ಲಿಯೇ ಆರಂಭಿಸಿಬಿಟ್ಟಿರಿ.

ಅತಿಥಿ ಉಪನ್ಯಾಸವೆಂದರೆ ಪಂಪನ ಬಗೆಗೋ ಕುಮಾರವ್ಯಾಸನ ಬಗೆಗೋ ಇರಬೇಕೆಂಬ ನಿರೀಕ್ಷೆ ಸಹಜ. ಆದರೆ ನಾವು ಆರಿಸಿಕೊಂಡಿರುವುದು ನೆಗಡಿ, ಮಂಡಿನೋವು, ಕೆಟ್ಟುಹೋದ ಮಿಕ್ಸಿ, ಮಗುವಿನ ಉದುರಿದ ಹಲ್ಲು ಇಂಥ ಅಲ್ಪ ವಿಷಯಗಳನ್ನು. ಇವನ್ನು ದೂರದ ಸ್ನೇಹಿತರೊಡನೆ ಹಂಚಿಕೊಳ್ಳುವ ನಮ್ಮ ಕಾಲದ ಅಭ್ಯಾಸವನ್ನು. ಈ ಅಭ್ಯಾಸವನ್ನು ಗೇಲಿ ಮಾಡುವವರು ಬಹಳ. 'ಬೆಳಗಾದರೆ ಸಾಕು, ಯಾರಿಗೋ ಕೆಮ್ಮು, ಯಾರಿಗೋ ಕತ್ತು ಉಳುಕು. ಇದನ್ನೆಲ್ಲ ಊರಿಗೆಲ್ಲ ಸಾರಬೇಕೇ?' ಎನ್ನುತ್ತಾರೆ. ಒಂದು ಕಾಲಕ್ಕೆ ನಾವೂ ಹಾಗೆಯೇ ಅನ್ನುತ್ತಿದ್ದೆವು. ಏಕೆ ನಮ್ಮ ಅಭಿಪ್ರಾಯ ಬದಲಾಯಿತೆಂಬುದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ಹಳೆಯ ಪತ್ರಗಳ ಕ್ಷೇಮ

ಇಲ್ಲಿರುವ ಹಿರಿಯರಿಗೆ ಕನ್ನಡ ಪತ್ರದ ಹಳೆಯ ಕ್ರಮ ನೆನಪಿರಬಹುದು. ಮೇಲೆ ದೇವರ ಹೆಸರು, ಬಲಗಡೆ ಊರು ಮತ್ತು ತಾರೀಖು, ಆಮೇಲೆ 'ತೀರ್ಥರೂಪ ಸಮಾನರಾದ' ಎಂದು ಸಂಬೋಧನೆ, ಸಾಷ್ಟಾಂಗ ನಮಸ್ಕಾರಗಳು, ತರುವಾಯ 'ಉಭಯ ಕುಶಲೋಪರಿ ಸಾಂಪ್ರತ'. ಅನೇಕರು ಅದನ್ನು 'ಉ. ಕು. ಸಾಂ.' ಎಂದು ಮೂರು ಅಕ್ಷರಗಳಲ್ಲಿ ಮುಗಿಸುತ್ತಿದ್ದರು. 'ಇತ್ತ ನಾವೆಲ್ಲರೂ ಕ್ಷೇಮ. ಅತ್ತ ತಮ್ಮೆಲ್ಲರ ಕ್ಷೇಮ ಸಮಾಚಾರಕ್ಕೆ ಆಗಾಗ್ಗೆ ಪತ್ರ ಬರೆಯುತ್ತಿರಬೇಕು.' ಪೀಠಿಕೆ ಇಷ್ಟಾದ ಮೇಲೆ ಮಳೆ, ಬೆಳೆ, ಮದುವೆ, ಸಾಲದ ವಿಚಾರಗಳು ಬರುತ್ತಿದ್ದವು.

ಸ್ವದೇಶದಲ್ಲಿ 1950ರ ಅಕ್ಟೋಬರ್ 2ರಂದು ಇನ್‌ಲ್ಯಾಂಡ್ ಪತ್ರ ಬಂದಿತು. ಹೊರದೇಶದಲ್ಲಿದ್ದ ನಮ್ಮಂಥವರಿಗೆ ಏರೋಗ್ರಾಮ್ ಎಂಬ ನೀಲಿ ಹಾಳೆ ಇತ್ತು. ಕೊಲ್ಲಿ ದೇಶಗಳಲ್ಲಿ ಅಂಚೆಯವನು ಮನೆಯ ಬಾಗಿಲಿಗೆ ಬರುವ ಪದ್ಧತಿ ಇರಲಿಲ್ಲ. ಪತ್ರಗಳೆಲ್ಲ ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂದು ಬೀಳುತ್ತಿದ್ದವು. ಸಂಜೆ ಕೆಲಸ ಮುಗಿಸಿ ಬಂದವರು ಮೇಜಿನ ಮೇಲಿನ ರಾಶಿಯಲ್ಲಿ ತಮ್ಮ ಮನೆಯವರ ಕೈಬರಹಕ್ಕಾಗಿ ಹುಡುಕುತ್ತಿದ್ದ ದೃಶ್ಯವನ್ನು ಕಂಡವರು ಮರೆಯಲಾರರು. ಊರಿಗೆ ಹೋಗುವವರ ಕೈಯಲ್ಲಿ ದನಿ ತುಂಬಿದ ಕ್ಯಾಸೆಟ್ಟುಗಳನ್ನು ಕಳಿಸುತ್ತಿದ್ದವರೂ ಇದ್ದರು.

ಈ ಪತ್ರಗಳಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಆದರೆ ಒಂದು ದೊಡ್ಡ ಕೊರತೆ ಇತ್ತು. ಅವುಗಳಲ್ಲಿ ಯಾರಿಗೂ ಕಾಯಿಲೆ ಬರುತ್ತಿರಲಿಲ್ಲ. ಎಲ್ಲರೂ ಸದಾ ಕ್ಷೇಮ. ಪತ್ರ ತಲುಪುವುದಕ್ಕೆ ಹತ್ತು ಹದಿನೈದು ದಿನ ಹಿಡಿಯುತ್ತಿತ್ತು. ಇಂದು ಬಂದ ಜ್ವರ ಪತ್ರ ತಲುಪುವ ಹೊತ್ತಿಗೆ ಬಿಟ್ಟಿರುತ್ತದೆ, ಸುಮ್ಮನೆ ಬರೆದು ದೂರದಲ್ಲಿರುವವರ ನಿದ್ದೆ ಕೆಡಿಸುವುದೇಕೆ ಎಂಬುದು ಹಿರಿಯರ ವಿವೇಚನೆ. ಅದು ತಪ್ಪೆಂದು ಹೇಳಲಾಗದು. ಆದರೆ ಅದರ ಪರಿಣಾಮವಾಗಿ ಸುದ್ದಿಗೆ ಎರಡೇ ವಾಹನಗಳು ಉಳಿದವು. ಒಂದು, 'ಎಲ್ಲರೂ ಕ್ಷೇಮ' ಎನ್ನುವ ಪತ್ರ. ಇನ್ನೊಂದು, 'ಕೂಡಲೇ ಹೊರಟು ಬಾ' ಎನ್ನುವ ತಂತಿ. ತಂತಿಯವನು ಸೈಕಲ್ ಬೆಲ್ಲು ಬಾರಿಸಿದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಆರಂಭವಾಗುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಭಾರತದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆ ಭಯವೂ ಅದರೊಡನೆ ಹೋಯಿತು. ಕ್ಷೇಮಕ್ಕೂ ಸಾವಿಗೂ ನಡುವೆ ಇರುವ ದೀರ್ಘವಾದ ಬದುಕು, ಅಂದರೆ ಕಾಲುನೋವು, ಹಸಿವಿಲ್ಲದಿರುವಿಕೆ, ಕಣ್ಣು ಮಂಜಾಗುವುದು, ರಾತ್ರಿ ನಿದ್ದೆ ಬಾರದಿರುವುದು, ಇವಕ್ಕೆ ವಾಹನವೇ ಇರಲಿಲ್ಲ.

ತಂತಿಯ ದ್ವೀಪ

ಈ ಮಾತನ್ನು ಖಸಬಿನಲ್ಲಿ ಹೇಳುವುದಕ್ಕೆ ವಿಶೇಷ ಕಾರಣವಿದೆ. ನಿನ್ನೆ ಮಧ್ಯಾಹ್ನ ತಾವು ನಮ್ಮನ್ನು ದೋಣಿಯಲ್ಲಿ ಖೋರ್ ಶಮ್ ಎಂಬ ಕಡಲಿನ ಒಳಚಾಚಿಗೆ ಕರೆದುಕೊಂಡು ಹೋದಿರಿ. ಡಾಲ್ಫಿನ್ನುಗಳನ್ನು ಕಂಡು ಮಕ್ಕಳು ಕುಣಿದರು. ಆಮೇಲೆ ದೋಣಿ ಒಂದು ಸಣ್ಣ ಬಂಡೆಯ ದ್ವೀಪದ ಬಳಿ ನಿಂತಿತು. ಸ್ಥಳೀಯರು ಮಕ್ಲಬ್ ಎನ್ನುವ ಅದಕ್ಕೆ ಪ್ರವಾಸಿಗರ ಬಾಯಲ್ಲಿ ಟೆಲಿಗ್ರಾಫ್ ದ್ವೀಪವೆಂದೇ ಹೆಸರು.

1864ರಲ್ಲಿ ಬ್ರಿಟಿಷರು ಭಾರತವನ್ನು ಲಂಡನ್ನಿಗೆ ತಂತಿಯಿಂದ ಜೋಡಿಸಲು ಕೊಲ್ಲಿಯ ಕಡಲ ತಳದಲ್ಲಿ ಕೇಬಲ್ ಹಾಸಿದರು. ಗ್ವಾದರಿನಿಂದ ಹೊರಟ ಕೇಬಲ್ ಈ ಮುಸಂದಮ್ ಭೂಶಿರವನ್ನು ಮುಟ್ಟಿ, ಪರ್ಷಿಯಾದ ಬುಶೆಹರ್ ಹಾದು, ಇರಾಕಿನ ಫಾವ್ ತಲುಪುತ್ತಿತ್ತು. ಅಲ್ಲಿಂದ ತುರ್ಕಿಯ ತಂತಿಗಳು ಸುದ್ದಿಯನ್ನು ಯುರೋಪಿಗೆ ಒಯ್ಯುತ್ತಿದ್ದವು. ದಣಿದು ಬಂದ ಸಂಕೇತವನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುವ ಕೆಲವು ನೌಕರರು ಈ ಬಂಡೆಯ ಮೇಲೆ ವಾಸವಾಗಿದ್ದರು. ಕೆಲವೇ ವರ್ಷಗಳಲ್ಲಿ ಆ ಠಾಣೆ ಮುಚ್ಚಿತು. ಬುದ್ಧಿ ಕೆಟ್ಟವರನ್ನು ಕುರಿತು ಇಂಗ್ಲಿಷಿನಲ್ಲಿ ಹೇಳುವ 'ತಿರುವು ದಾಟಿ ಹೋದ' ಎಂಬ ಮಾತು ಇಲ್ಲಿನ ಏಕಾಂತದಿಂದಲೇ ಹುಟ್ಟಿತೆಂದು ದೋಣಿಯವರು ಹೇಳುವುದುಂಟು. ಅದು ಕಥೆಯೇ ಹೊರತು ಪ್ರಮಾಣವಲ್ಲ. ಆದರೆ ಸುತ್ತಲಿನ ಬೆಟ್ಟಗಳ ಕಾವಿನಲ್ಲಿ, ಗಾಳಿ ಆಡದ ಆ ನೀರಿನ ನಡುವೆ ನಿಂತಾಗ ಕಥೆ ಏಕೆ ಹುಟ್ಟಿತೆಂಬುದು ಅರ್ಥವಾಗುತ್ತದೆ.

ದೋಣಿಯಲ್ಲಿ ಕುಳಿತು ನಾವು ಯೋಚಿಸಿದ್ದು ಆ ನೌಕರರ ಬಗೆಗೆ. ಅವರ ಬೆರಳಿನ ಕೆಳಗೆ ಪ್ರಪಂಚದ ಸುದ್ದಿಯೆಲ್ಲ ಹಾದುಹೋಗುತ್ತಿತ್ತು: ಹತ್ತಿಯ ಧಾರಣೆ, ಸೈನ್ಯದ ಚಲನೆ, ರಾಜ್ಯಪಾಲರ ಆಜ್ಞೆ. ಅಮೆರಿಕದ ಅಂತರ್ಯುದ್ಧದ ಆ ವರ್ಷಗಳಲ್ಲಿ ನಮ್ಮ ಧಾರವಾಡದ ಹತ್ತಿಗೂ ಲಂಡನ್ನಿನಲ್ಲಿ ಬೆಲೆ ಇತ್ತು. ಆದರೆ ಒಂದೊಂದು ಮಾತಿಗೂ ದುಬಾರಿ ದರ ಕಟ್ಟಬೇಕಾದ ಆ ತಂತಿಯಲ್ಲಿ, 'ನಿನ್ನ ತಾಯಿಯ ಕೆಮ್ಮು ಕಡಿಮೆಯಾಗಿದೆ' ಎಂಬ ಸುದ್ದಿಯನ್ನು ಯಾರು ಕಳಿಸಿಯಾರು? ಸುದ್ದಿಯ ನಡುವೆಯೇ ಕುಳಿತಿದ್ದರೂ ಅವರಿಗೆ ತಮ್ಮ ಮನೆಯ ಸಣ್ಣ ಸುದ್ದಿ ದೊರೆಯುತ್ತಿರಲಿಲ್ಲ. ಕೊಲ್ಲಿಗೆ ಬಂದ ನಮ್ಮ ಹಿಂದಿನ ತಲೆಮಾರಿನವರ ಸ್ಥಿತಿಯೂ ಬಹುಮಟ್ಟಿಗೆ ಇದೇ ಆಗಿತ್ತು.

ನಮ್ಮ ತಾಯಿಯವರ ಕಾಲು

ಈಗ ನಮ್ಮ ಮನೆಯ ಮಾತೊಂದನ್ನು ಹೇಳಲು ತಮ್ಮ ಅನುಮತಿ ಬೇಡುತ್ತೇವೆ. ನಮ್ಮ ತಾಯಿಯವರು ತೀರ್ಥಹಳ್ಳಿಯ ಬಳಿಯ ಒಂದು ಹಳ್ಳಿಯಲ್ಲಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ನಾವು ಕೊಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ತಿಂಗಳಿಗೊಂದು ಪತ್ರ ತಪ್ಪದೆ ಬರುತ್ತಿತ್ತು. ಅಡಕೆ ಸುಲಿದದ್ದು, ಹಸು ಕರು ಹಾಕಿದ್ದು, ಅಣ್ಣನ ಮಗಳು ಶಾಲೆಗೆ ಸೇರಿದ್ದು, ಎಲ್ಲವೂ ಇರುತ್ತಿತ್ತು. ಕೊನೆಯಲ್ಲಿ 'ನಾವೆಲ್ಲ ಕ್ಷೇಮ, ಯೋಚನೆ ಬೇಡ' ಎಂಬ ಸಾಲು. ಎರಡು ವರ್ಷದ ಮೇಲೆ ರಜೆಗೆ ಹೋದೆವು. ಬಾಗಿಲಿಗೆ ಬಂದ ತಾಯಿಯವರು ಕುಂಟುತ್ತಿದ್ದರು. ಬಲಗಾಲಿನ ಎರಡು ಬೆರಳುಗಳು ಇರಲಿಲ್ಲ. ಗಾಯವಾಗಿ, ಕೊಳೆತು, ಆಸ್ಪತ್ರೆಯಲ್ಲಿ ತೆಗೆದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಬಂದ ಎಂಟು ಪತ್ರಗಳಲ್ಲಿಯೂ ನಾವೆಲ್ಲ ಕ್ಷೇಮ!

'ಯಾಕಮ್ಮ ಬರೆಯಲಿಲ್ಲ?' ಎಂದು ಕೇಳಿದ್ದಕ್ಕೆ ಅವರು ಹೇಳಿದರು: 'ಅಲ್ಲಿ ಮರಳುಗಾಡಲ್ಲಿ ಕೂತು ನೀವಾದರೂ ಏನು ಮಾಡ್ತಿದ್ರಿ ಮಗಾ? ಸುಮ್ಮನೆ ಊಟ ಬಿಡ್ತಿದ್ರಿ.' ನಾವು ಸಿಟ್ಟಾಗುವಂತೆಯೂ ಇರಲಿಲ್ಲ. ಏಕೆಂದರೆ ಅದೇ ಅವಧಿಯಲ್ಲಿ ನಮ್ಮ ಮನೆಯಲ್ಲಿ ಕಾಮಾಲೆಯಾಗಿ ಒಂದು ತಿಂಗಳು ಹಾಸಿಗೆ ಹಿಡಿದಿದ್ದುದನ್ನು ನಾವು ಬರೆದಿರಲಿಲ್ಲ. ಅವರು ನಮ್ಮನ್ನು ರಕ್ಷಿಸುತ್ತಿದ್ದರು, ನಾವು ಅವರನ್ನು ರಕ್ಷಿಸುತ್ತಿದ್ದೆವು. ಪರಸ್ಪರ ರಕ್ಷಣೆಯ ನಡುವೆ ಎರಡು ಬೆರಳುಗಳು ಹೋದವು. ಬರೆದಿದ್ದರೆ ಉಳಿಯುತ್ತಿದ್ದವೋ ಇಲ್ಲವೋ, ನಾವು ವೈದ್ಯರಲ್ಲ. ಆದರೆ ಅವರು ನೋವನ್ನು ಅನುಭವಿಸಿದಾಗ ನಾವು ಜೊತೆಯಲ್ಲಿರಲಿಲ್ಲ ಎಂಬುದಕ್ಕಿಂತ, ನಮಗೆ ತಿಳಿದೇ ಇರಲಿಲ್ಲ ಎಂಬುದು ಇಂದಿಗೂ ನಮ್ಮನ್ನು ಬಾಧಿಸುತ್ತದೆ.

ಜಗಲಿ ಮತ್ತು ದೂರದ ಬಳಗ

ವರ್ಷಗಳು ಕಳೆದವು. ಟ್ರಂಕ್ ಕಾಲ್ ಹೋಗಿ ನೇರ ದೂರವಾಣಿ ಬಂದಿತು; ನಿಮಿಷದ ಲೆಕ್ಕ ನೋಡುತ್ತ ಮಾತನಾಡುವ ಕಾಲ ಮುಗಿದು ಕೈಫೋನು ಬಂದಿತು; 2009ರಲ್ಲಿ ವಾಟ್ಸ್ಯಾಪ್ ಹುಟ್ಟಿತು. ಒಮಾನಿನಲ್ಲಿ ಬಹುಕಾಲ ಅದರ ಮೂಲಕ ಕರೆ ಮಾಡಿ ಮಾತನಾಡುವುದಕ್ಕೆ ನಿರ್ಬಂಧವಿತ್ತು; ಆದರೆ ಬರೆದು ಕಳಿಸುವುದಕ್ಕೂ ದನಿಯ ತುಣುಕುಗಳನ್ನು ಕಳಿಸುವುದಕ್ಕೂ ಅಡ್ಡಿ ಇರಲಿಲ್ಲ. ಆದ್ದರಿಂದ ನಮ್ಮಲ್ಲಿ ಅನೇಕರಿಗೆ ಅದು ಹಳೆಯ ಪತ್ರ ಮತ್ತು ಕ್ಯಾಸೆಟ್ಟುಗಳ ಮುಂದುವರಿಕೆಯಂತೆಯೇ ಒದಗಿತು. ಒಂದು ವ್ಯತ್ಯಾಸ ಮಾತ್ರ ಇತ್ತು: ಕಳಿಸುವುದಕ್ಕೆ ಖರ್ಚಿಲ್ಲ, ತಲುಪುವುದಕ್ಕೆ ಕಾಲ ಹಿಡಿಯುವುದಿಲ್ಲ. ಆದ್ದರಿಂದ ಮೊದಲ ಬಾರಿಗೆ ಅಲ್ಪ ಸುದ್ದಿಗೂ ಒಂದು ವಾಹನ ದೊರೆಯಿತು.

ಹಾಗೆ ಯಾರೋ ಯಾರನ್ನೋ ಪರಿಚಯಿಸುತ್ತ ನಮ್ಮದೂ ಒಂದು ಪುಟ್ಟ ಬಳಗವಾಯಿತು. ಹನ್ನೊಂದು ಮಂದಿ. ಮಸ್ಕತ್ತಿನಲ್ಲಿ ಕೆಲವರು, ಸೊಹಾರಿನಲ್ಲಿ ಇಬ್ಬರು, ಸಲಾಲಾದಲ್ಲಿ ಒಬ್ಬರು, ತಮ್ಮ ಖಸಬಿನಲ್ಲಿ ಒಬ್ಬರು, ಉಳಿದವರು ದುಬೈಯಲ್ಲಿ. ಅರ್ಧ ಜನರ ಮುಖವನ್ನೇ ನಾವು ಕಂಡಿರಲಿಲ್ಲ. ಆರಂಭದಲ್ಲಿ ಹಬ್ಬದ ಶುಭಾಶಯ, ಒಳ್ಳೆಯ ಮಾತುಗಳ ಚಿತ್ರಪಟ ಇಷ್ಟೇ ಇರುತ್ತಿತ್ತು. ಒಂದು ದಿನ ಒಬ್ಬಾಕೆ, 'ಇವತ್ತು ಮೈಗ್ರೇನ್, ಅಡುಗೆ ಮಾಡಿಲ್ಲ, ಮಕ್ಕಳು ಬ್ರೆಡ್ ತಿಂದು ಮಲಗಿದವು, ನನಗೆ ಅಳು ಬರ್ತಿದೆ' ಎಂದು ಬರೆದರು. ಅದುವರೆಗೆ ಮೌನವಾಗಿದ್ದ ಐದಾರು ಜನ ಒಮ್ಮೆಲೇ ಮಾತನಾಡಿದರು. ನಮ್ಮ ಬಳಗ ಬಳಗವಾದದ್ದು ಅಂದೇ.

ಇದೇನೂ ಹೊಸ ಸಂಗತಿಯಲ್ಲ. ನಮ್ಮ ಹಳ್ಳಿಗಳಲ್ಲಿ ಜಗಲಿ ಇತ್ತು, ಬಾವಿಕಟ್ಟೆ ಇತ್ತು. ನೀರು ಸೇದಲು ಬಂದ ಹೆಂಗಸರು 'ಏನಕ್ಕ, ಮುಖ ಬಾಡಿದೆಯಲ್ಲ?' ಎನ್ನುತ್ತಿದ್ದರು. ಅದು ವೈದ್ಯಕೀಯ ತಪಾಸಣೆಯಲ್ಲ. ಆದರೆ ಎಷ್ಟೋ ಬಾರಿ ತಪಾಸಣೆಗೆ ಮೊದಲ ಹೆಜ್ಜೆಯಾಗುತ್ತಿತ್ತು. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಇಂಥ ಮಾತಿಗೆ ಒಂದು ಪ್ರತ್ಯೇಕ ಹೆಸರನ್ನೇ ಕೊಟ್ಟರು. ಹವೆ ಹೇಗಿದೆ, ಆರೋಗ್ಯ ಹೇಗಿದೆ ಎಂಬ ಮಾತುಗಳ ಉದ್ದೇಶ ವಿಷಯ ತಿಳಿಸುವುದಕ್ಕಿಂತ ಹೆಚ್ಚಾಗಿ ಮನುಷ್ಯರನ್ನು ಒಬ್ಬರಿಗೊಬ್ಬರು ಹತ್ತಿರ ತರುವುದು ಎಂಬುದು ಅವರ ವಿವರಣೆ. ನಮ್ಮ ಬಾವಿಕಟ್ಟೆಯ ಅಕ್ಕಂದಿರಿಗೆ ಇದು ಗ್ರಂಥವಿಲ್ಲದೆಯೇ ಗೊತ್ತಿತ್ತು.

ತಮ್ಮ ನೆರೆಯ ಕುಮ್ಜಾರ್ ಹಳ್ಳಿಯನ್ನೇ ನೋಡಿ. ಅಲ್ಲಿಗೆ ರಸ್ತೆಯಿಲ್ಲ, ದೋಣಿಯೇ ಗತಿ. ಅಲ್ಲಿನವರದು ಕುಮ್ಜಾರಿ ಎಂಬ ಬೇರೆಯೇ ಭಾಷೆ. ಬೇಸಗೆಯಲ್ಲಿ ಖರ್ಜೂರದ ಕೊಯ್ಲಿಗೆ ಆ ಕುಟುಂಬಗಳು ಖಸಬಿಗೆ ಬಂದು ನೆಲೆಸುವುದು ಅವರ ಹಳೆಯ ರೂಢಿ. ಮನೆಯನ್ನು ಬಿಟ್ಟು ಬೇರೆ ಊರಿನಲ್ಲಿ ಒಂದು ಋತುವನ್ನು ಕಳೆಯುವವರು ಯಾವಾಗಲೂ ತಮ್ಮವರ ಜೊತೆಗೇ ಇರಲು ಬಯಸುತ್ತಾರೆ. ನಮ್ಮ ಋತು ಮಾತ್ರ ಇಪ್ಪತ್ತು ಮೂವತ್ತು ವರ್ಷ ದೀರ್ಘವಾದದ್ದು. ಇಲ್ಲಿನ ಗೃಹಿಣಿಯರಲ್ಲಿ ಅನೇಕರು ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಬಿಸಿಲಿಗೆ ಮುಚ್ಚಿದ ಕಿಟಕಿಯ ಹಿಂದೆ ಒಬ್ಬರೇ ಇರುತ್ತಾರೆ. ಅವರಿಗೆ ಬಾವಿಕಟ್ಟೆ ಎಲ್ಲಿದೆ?

ಚಪ್ಪಲಿ ಕಚ್ಚಿದ ಸುದ್ದಿ

ಮತ್ತೆ ನಮ್ಮ ತಾಯಿಯವರ ವಿಷಯಕ್ಕೆ ಬರುತ್ತೇವೆ. ಕೈಫೋನು ಬಂದ ಮೇಲೆ ಅಣ್ಣನ ಮಗಳು ಅವರಿಗೆ ದನಿ ಕಳಿಸುವುದನ್ನು ಕಲಿಸಿದಳು. ಬರೆಯುವಾಗ ಸದಾ ಕ್ಷೇಮವಾಗಿದ್ದವರು ಮಾತನಾಡುವಾಗ ಅಷ್ಟು ಕ್ಷೇಮವಾಗಿರಲಿಲ್ಲ! ಹಲಸಿನ ಹಪ್ಪಳ ಇಲಿ ತಿಂದದ್ದು, ಪಕ್ಕದ ಮನೆಯವರ ನಾಯಿ, ಕರೆಂಟು ಹೋದದ್ದು, ಎಲ್ಲವೂ ಬರತೊಡಗಿತು. ಹಾಗೆ ಒಂದು ದಿನ, ಮದುವೆಗೆಂದು ಕೊಂಡ ಹೊಸ ಚಪ್ಪಲಿ ಎಡಗಾಲಿಗೆ ಕಚ್ಚಿದೆ, ಆದರೆ ನೋವೇನೂ ಇಲ್ಲ ಎಂದರು. ನಾವು ನಕ್ಕು ಸುಮ್ಮನಾದೆವು. ಸಂಜೆ ಬಳಗದಲ್ಲಿ ಇತರ ಹರಟೆಯ ನಡುವೆ, 'ಊರಲ್ಲಿ ಅಮ್ಮನಿಗೆ ಹೊಸ ಚಪ್ಪಲಿ ಕಚ್ಚಿದೆಯಂತೆ, ನೋವೇ ಇಲ್ಲ ಅಂತಾರೆ, ಗಟ್ಟಿ ಜೀವ' ಎಂದು ಬರೆದೆವು.

ಸಲಾಲಾದ ಆ ಸ್ನೇಹಿತೆ ಕಾಸರಗೋಡಿನ ಕಡೆಯ ಕನ್ನಡತಿ, ವೃತ್ತಿಯಿಂದ ದಾದಿ. ಅವರನ್ನು ನಾವು ಅದುವರೆಗೆ ಕಣ್ಣಾರೆ ನೋಡಿರಲಿಲ್ಲ. ಅವರಿಂದ ಕೂಡಲೇ ಪ್ರಶ್ನೆ ಬಂದಿತು: 'ನೋವಿಲ್ಲವೇ? ಅಮ್ಮನಿಗೆ ಸಕ್ಕರೆ ಇದೆಯೇ? ಕಾಲು ಜೋಮು ಹಿಡಿಯುತ್ತದೆಯೇ? ಗಾಯದ ಫೋಟೋ ತರಿಸಿ. ನಾಳೆ ಅಲ್ಲ, ಇವತ್ತೇ ಡಾಕ್ಟರಿಗೆ ತೋರಿಸಲು ಹೇಳಿ.'

ನಾವು ಗಟ್ಟಿತನವೆಂದು ಹೊಗಳಿದ್ದು ಅವರ ಕಿವಿಗೆ ಅಪಾಯದ ಗಂಟೆಯಂತೆ ಕೇಳಿಸಿತ್ತು. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳಬಹುದು, ರಕ್ತಸಂಚಾರವೂ ಕುಗ್ಗಬಹುದು. ಆಗ ಗಾಯ ನೋಯುವುದಿಲ್ಲ. ನೋಯದ್ದರಿಂದ ಯಾರೂ ಗಮನಿಸುವುದಿಲ್ಲ. ಗಮನಿಸದ್ದರಿಂದ ಸೋಂಕು ಆಳಕ್ಕೆ ಇಳಿಯುತ್ತದೆ. 'ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ' ಎಂಬ ಗಾದೆ ಆಗ ಅಕ್ಷರಶಃ ನಿಜವಾಗುತ್ತದೆ. ಅಂದು ರಾತ್ರಿಯೇ ಅಣ್ಣ ತಾಯಿಯವರನ್ನು ತೀರ್ಥಹಳ್ಳಿಗೆ ಕರೆದೊಯ್ದ. ಹಿಮ್ಮಡಿಯ ಪಕ್ಕದಲ್ಲಿ ಗಾಯ ಆಗಲೇ ಕೀವು ಕಟ್ಟಿತ್ತು. ಮೂರು ವಾರ ಡ್ರೆಸ್ಸಿಂಗ್ ಆಯಿತು, ವಾಸಿಯಾಯಿತು. ಇಂದು ಆ ತಾಯಿ ಇಲ್ಲ. ಆದರೆ ಕೊನೆಯವರೆಗೂ ಅವರು ತಮ್ಮ ಎಡಗಾಲನ್ನು ಊರಿಕೊಂಡೇ ನಡೆದರು.

ನಮ್ಮ ಅಭಿಪ್ರಾಯ ಬದಲಾದದ್ದು ಏಕೆಂದು ತಮಗೆ ಈಗ ತಿಳಿದಿರಬಹುದು. ದೊಡ್ಡ ಕಾಯಿಲೆ ಬಹುತೇಕ ಸಣ್ಣ ಕಾಯಿಲೆಯ ವೇಷದಲ್ಲಿಯೇ ಮನೆಗೆ ಬರುತ್ತದೆ. ಎದೆಯ ನೋವನ್ನು ವಾಯು ಎಂದು ಭಾವಿಸಿ ಸೋಡಾ ಕುಡಿದು ಮಲಗಿದವರ ಕಥೆ ಕೊಲ್ಲಿಯ ಪ್ರತಿಯೊಂದು ಊರಿನಲ್ಲಿಯೂ ಒಂದಾದರೂ ಇದೆ. ಎಡತೋಳಿಗೋ ದವಡೆಗೋ ಹರಡುವ ಎದೆಯ ಬಿಗಿತ, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಇವುಗಳನ್ನು ಒಬ್ಬರಿಗೆ ಹೇಳಿದ್ದರೆ ಆ ಒಬ್ಬರು 'ಮೊದಲು ಆಸ್ಪತ್ರೆಗೆ ನಡೆಯಿರಿ' ಎಂದಿರುತ್ತಿದ್ದರು. ದಿನವೂ ಸಣ್ಣದನ್ನು ಹೇಳಿ ಅಭ್ಯಾಸವಿರುವವರು ಮಾತ್ರ ಅಂಥ ಹೊತ್ತಿನಲ್ಲಿ ಸಂಕೋಚವಿಲ್ಲದೆ ಹೇಳಬಲ್ಲರು. ಕೆಲಸ ಹೋದದ್ದು, ಸಂಬಳ ನಿಂತದ್ದು, ಮನಸ್ಸು ಕುಗ್ಗಿದ್ದು, ಇವುಗಳ ಮಾತೂ ಹೀಗೆಯೇ. ನೆಗಡಿಯನ್ನೂ ಹೇಳದವರು ಇವನ್ನು ಹೇಗೆ ಹೇಳಿಯಾರು?

2010ರಲ್ಲಿ ಅಮೆರಿಕದ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಅವುಗಳಲ್ಲಿದ್ದ ಮೂರು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಗಟ್ಟಿಯಾದ ಸಾಮಾಜಿಕ ಸಂಬಂಧಗಳು ಇದ್ದವರು ಆ ಅಧ್ಯಯನಗಳ ಅವಧಿಯಲ್ಲಿ ಬದುಕುಳಿಯುವ ಸಂಭವ ಉಳಿದವರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚಾಗಿ ಕಂಡುಬಂದಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಸಾಮಾಜಿಕ ಸಂಬಂಧಗಳ ಬಗೆಗೆ ಒಂದು ಆಯೋಗವನ್ನು ರಚಿಸಿತು. ಸಂಬಂಧವೆಂದರೆ ಸಂದೇಶಗಳ ಎಣಿಕೆಯಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ದಿನಕ್ಕೆ ಇನ್ನೂರು ಸಂದೇಶ ಬಂದರೂ ಒಬ್ಬರೂ 'ಹೇಗಿದ್ದೀರಿ?' ಎಂದು ಕೇಳದಿದ್ದರೆ ಅದು ಬಳಗವಲ್ಲ, ಸಂತೆ.

ಕೆಲವು ಎಚ್ಚರಗಳು

ಹೊಗಳಿಕೆ ಇಷ್ಟು ಸಾಕು. ನಾವು ಕಂಡ ತಪ್ಪುಗಳನ್ನೂ ಹೇಳದಿದ್ದರೆ ಉಪನ್ಯಾಸ ಅಪೂರ್ಣವಾದೀತು.

ಮೊದಲನೆಯದು, ಸುದ್ದಿ ಯಾರದು ಎಂಬ ವಿವೇಕ. ನಮ್ಮ ಮಂಡಿನೋವು ನಮ್ಮದು. ಅದನ್ನು ಹೇಳುವ ಹಕ್ಕು ನಮಗಿದೆ. ಆದರೆ ಅತ್ತೆಯವರ ಮೂಲವ್ಯಾಧಿ, ಮಗಳ ಮುಟ್ಟು, ಯಜಮಾನರ ರಕ್ತಪರೀಕ್ಷೆ ನಮ್ಮ ಸುದ್ದಿಗಳಲ್ಲ. ನಮ್ಮ ಪರಿಚಯದ ಒಂದು ಮನೆಯಲ್ಲಿ ಸೊಸೆ ಬಸುರಿಯಾದ ಸುದ್ದಿಯನ್ನು ಮೂರು ತಿಂಗಳು ತುಂಬುವ ಮೊದಲೇ ಯಾರೋ ಸಂತೋಷದಿಂದ ಹಂಚಿದರು. ಆ ಬಸಿರು ನಿಲ್ಲಲಿಲ್ಲ. ಆಮೇಲೂ ಎರಡು ತಿಂಗಳು ಆ ಹುಡುಗಿಗೆ ಅಭಿನಂದನೆಗಳು ಬರುತ್ತಲೇ ಇದ್ದವು. ಒಂದೊಂದಕ್ಕೂ ಆಕೆಯೇ ಉತ್ತರ ಬರೆಯಬೇಕಾಯಿತು. ನಮ್ಮ ತಾಯಿಯವರ ಗಾಯದ ವಿಷಯದಲ್ಲಿಯೂ ನಾವು ಅವರನ್ನು ಕೇಳದೆಯೇ ಬರೆದಿದ್ದೆವು. ಫಲ ಒಳ್ಳೆಯದಾಯಿತೆಂದು ಕ್ರಮ ಸರಿಯಾಗುವುದಿಲ್ಲ. ಆಮೇಲೆ ಅವರಿಗೆ ತಿಳಿಸಿದಾಗ, 'ಫೋಟೋ ಕಳಿಸುವ ಮೊದಲು ಕಾಲು ತೊಳೆಸಬಾರದಿತ್ತೇ?' ಎಂದಷ್ಟೇ ಬೈದರು.

ಎರಡನೆಯದು, ಔಷಧ. ಸ್ನೇಹಿತರು ಕಿವಿಯಾಗಬೇಕು, ವೈದ್ಯರಾಗಬಾರದು. ಶುಂಠಿ ಕಷಾಯ, ಬಿಸಿನೀರಿನ ಹಬೆ ಹೇಳುವುದು ಬೇರೆ. 'ನನಗೆ ಕೊಟ್ಟ ಗುಳಿಗೆ ಉಳಿದಿದೆ, ನೀವೂ ತೆಗೆದುಕೊಳ್ಳಿ' ಎನ್ನುವುದು ಬೇರೆ. ಸಾಮಾನ್ಯ ನೆಗಡಿ ವೈರಾಣುವಿನಿಂದ ಬರುವುದು. ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಲ್ಲದೆ ಊರಿನಲ್ಲಿ ಸುಲಭವಾಗಿ ದೊರೆಯುವ ಕೆಲವು ಕೆಮ್ಮಿನ ಔಷಧಿ, ನೋವಿನ ಗುಳಿಗೆಗಳ ಬಗೆಗೆ ಕೊಲ್ಲಿಯ ದೇಶಗಳಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ. ವೈದ್ಯರ ಚೀಟಿಯಿಲ್ಲದೆ ಇನ್ನೊಬ್ಬರಿಗಾಗಿ ಔಷಧ ಹೊತ್ತು ತರುವ ಉಪಕಾರ ಗಡಿಯಲ್ಲಿ ಅಪಕಾರವಾಗಬಹುದು. ಎರಡೆರಡು ಗಡಿ ದಾಟಿ ಬರುವ ಖಸಬಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯದು, ಉತ್ತರ. ಯಾರೋ 'ನಿನ್ನೆಯಿಂದ ಜ್ವರ' ಎಂದು ಬರೆದಾಗ ಕೈಮುಗಿದ ಒಂದು ಚಿಹ್ನೆ ಒತ್ತಿ ಮುಂದೆ ಹೋಗುವುದು ಹಳೆಯ 'ಉ. ಕು. ಸಾಂ.'ಗಿಂತ ಉತ್ತಮವೇನಲ್ಲ. 'ಈಗ ಎಷ್ಟಿದೆ? ಗಂಜಿ ಕುಡಿದಿರಾ? ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?' ಎಂದು ಒಂದು ಮಾತು ಕೇಳಬೇಕು; ಮಾರನೆಯ ದಿನ ನೆನಪಿಟ್ಟು ಇನ್ನೊಮ್ಮೆ ಕೇಳಬೇಕು. ಆ ಎರಡನೆಯ ವಿಚಾರಣೆಯಲ್ಲಿಯೇ ಸ್ನೇಹವಿದೆ.

ನಾಲ್ಕನೆಯದು, ಹತ್ತಿರದವರು. ಸಲಾಲಾದ ಸ್ನೇಹಿತೆ ಎಚ್ಚರಿಸಬಹುದು, ಆದರೆ ಕಾರಿನಲ್ಲಿ ಕೂರಿಸಿಕೊಂಡು ಹೋದವನು ಮನೆಯಲ್ಲಿದ್ದ ಅಣ್ಣ. ದೂರದ ಬಳಗ ಪಕ್ಕದ ಮನೆಗೆ ಬದಲಿಯಲ್ಲ. ಇದೇ ಕಟ್ಟಡದ ಮೇಲಿನ ಮಹಡಿಯ ಮಲಯಾಳಿ ಅಥವಾ ಒಮಾನಿ ನೆರೆಯವರ ಹೆಸರು ನಮಗೆ ಗೊತ್ತಿರಲಿ.

ಮಕ್ಕಳಿಗೊಂದು ಮಾತು

ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳಿಗೆ ಒಂದು ಪ್ರಶ್ನೆ. ಮೈ ನೋಯುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆ ಬಲ್ಲಿರಾ? ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ, ಕಿವಿ ಗುಂಯ್‌ಗುಡುತ್ತದೆ, ಕತ್ತು ಉಳುಕುತ್ತದೆ, ಸೊಂಟ ಹಿಡಿಯುತ್ತದೆ, ಪಕ್ಕೆಯಲ್ಲಿ ಚಳುಕು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ, ಬೆರಳು ಮರಗಟ್ಟುತ್ತದೆ, ಹೊಟ್ಟೆ ನುಲಿಯುತ್ತದೆ. ಮೈಸೂರಿನ ಕಡೆಯವರಿಗೆ ನೆಗಡಿಯಾದರೆ, ಕರಾವಳಿಯವರಿಗೆ ಶೀತವಾಗುತ್ತದೆ, ಧಾರವಾಡದವರಿಗೆ ಥಂಡಿ ಹತ್ತುತ್ತದೆ. ಇಷ್ಟನ್ನೂ ಒಂದೇ 'ಪೇನ್' ಎಂಬ ಮಾತಿನಲ್ಲಿ ಮುಗಿಸಿದರೆ ಅಜ್ಜಿಗೆ ಆಗುತ್ತಿರುವುದು ಏನೆಂದು ನಿಮಗೆ ತಿಳಿಯುವುದಿಲ್ಲ. 'ಜೋಮು' ಎಂಬ ಮಾತು ಆ ದಾದಿಗೂ ನಮ್ಮ ತಾಯಿಗೂ ಸಮಾನವಾಗಿ ಗೊತ್ತಿದ್ದುದರಿಂದಲೇ ಕೆಲಸ ಬೇಗ ಆಯಿತು. ಹಬ್ಬಕ್ಕೊಮ್ಮೆ ಹಾಡುವ ಕನ್ನಡದಷ್ಟೇ ನೋವನ್ನು ಹೇಳುವ, ಕೇಳಿ ಅರ್ಥ ಮಾಡಿಕೊಳ್ಳುವ ಕನ್ನಡವೂ ನಿಮಗೆ ಬೇಕು. ಅಜ್ಜಿಯ ದನಿಯನ್ನು ಕೇಳಿ, ನಿಮ್ಮ ಉದುರಿದ ಹಲ್ಲಿನ ಸುದ್ದಿಯನ್ನು ಕನ್ನಡದಲ್ಲಿಯೇ ಅವರಿಗೆ ಹೇಳಿ.

ಬಂಧುಗಳೇ, ಮುಗಿಸುತ್ತೇವೆ. ತಂತಿಯ ದ್ವೀಪದಲ್ಲಿ ಈಗ ಉಳಿದಿರುವುದು ಕೆಲವು ಕಲ್ಲುಗಳು ಮಾತ್ರ. ಆ ಬಂಡೆಯ ಮೇಲೆ ಕುಳಿತವರಿಗೆ ಇಲ್ಲದಿದ್ದ ಸೌಲಭ್ಯ ಇಂದು ತಮ್ಮ ಪ್ರತಿಯೊಬ್ಬರ ಜೇಬಿನಲ್ಲಿದೆ. ನಮ್ಮದೊಂದೇ ವಿನಂತಿ. ಊರಿಗೂ ನಮಗೂ ಒಂದೂವರೆ ಗಂಟೆಯ ಅಂತರ. ಅಲ್ಲಿ ಹಿರಿಯರು ಇನ್ನೇನು ಮಲಗುವ ಹೊತ್ತು. ಈ ಸಭೆ ಮುಗಿದ ಮೇಲೆ, ಊಟಕ್ಕೆ ಏಳುವ ಮೊದಲು, ಮನೆಗೆ ಒಂದು ಸುದ್ದಿ ಕಳಿಸಿ. 'ನಾವು ಕ್ಷೇಮ' ಎಂದಷ್ಟೇ ಅಲ್ಲ. ನಿಜವಾದ ಒಂದು ಸಣ್ಣ ಸುದ್ದಿ: ಗಂಟಲು ಕೆರೆಯುತ್ತಿದೆ, ಮಗ ಲೆಕ್ಕದಲ್ಲಿ ಕಡಿಮೆ ಅಂಕ ತೆಗೆದ, ಇಂದಿನ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಹೇಳಿದ ಮೇಲೆ ಅವರ ಕಾಲು ಹೇಗಿದೆ ಎಂದು ಕೇಳಿ. 'ಏನಿಲ್ಲ, ಚೆನ್ನಾಗಿದೆ' ಎಂದರೆ ಇನ್ನೊಮ್ಮೆ ಕೇಳಿ.